ಪುಕ್ಕಟೆ ಸಿಗುವ ದುಡ್ಡನ್ನೂ, ಪಾಲು ಅನ್ಯಾಯದ್ದಾದರೆ ಜನ ಬೇಡ ಎನ್ನುವುದೇಕೆ?

ಪಾಲು ಅನ್ಯಾಯದ್ದು ಅನ್ನಿಸಿದಾಗ ಮಿದುಳಿನಲ್ಲಿ ಲಾಭದ ಲೆಕ್ಕದ ಜೊತೆಗೇ ಒಂದು ಕಸಿವಿಸಿಯೂ ಏಳುತ್ತದೆ. ಅದರ ಕೈ ಮೇಲಾದರೆ ದುಡ್ಡು ಬೇಡವಾಗುತ್ತದೆ.

2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಅಲನ್ ಸ್ಯಾನ್ಫಿ ಮತ್ತು ಸಂಗಡಿಗರು ಇದನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದರು. ಆಟ ಸರಳ: ಒಬ್ಬ 10 ಡಾಲರ್ ಹಂಚುತ್ತಾನೆ. ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ದುಡ್ಡು, ಒಲ್ಲೆ ಎಂದರೆ ಇಬ್ಬರಿಗೂ ಸೊನ್ನೆ. ಒಂದೆರಡು ಡಾಲರ್ ಮಾತ್ರ ಕೊಡಲು ಬಂದಾಗ ಇನ್ಸುಲಾ ಚುರುಕಾಯಿತು. ಇದು ಮಿದುಳಿನ ಮಡಿಕೆಯೊಳಗೆ ಅಡಗಿರುವ, ನೋವಿಗೂ ಅಸಹ್ಯಕ್ಕೂ ಮಿಡಿಯುವ ಭಾಗ. ಅದು ಹೆಚ್ಚು ಮಿಡಿದವರು ಹೆಚ್ಚು ಬಾರಿ ಒಲ್ಲೆ ಎಂದರು. ಅದೇ ಜಿಪುಣ ಪಾಲು ಕಂಪ್ಯೂಟರಿನಿಂದ ಬಂದರೆ ಮಿಡಿತವೂ ಕಡಿಮೆ, ನಿರಾಕರಣೆಯೂ ಕಡಿಮೆ. ಯಂತ್ರದ ಮೇಲೆ ಹಠ ಸಾಧಿಸಿ ಏನು ಬಂತು!

ಆದರೆ ಇನ್ಸುಲಾ ಒಂದರದೇ ಕೆಲಸ ಅಂದುಕೊಳ್ಳಬೇಡಿ. 2006ರಲ್ಲಿ ಜ್ಯೂರಿಕ್‌ನ ಸಂಶೋಧಕರು ಹಣೆಯ ಬಲಬದಿಯ ಹಿಂದಿರುವ ಮಿದುಳಿನ ಭಾಗವನ್ನು ಕಾಂತೀಯ ಮಿಡಿತಗಳಿಂದ ಕೆಲಹೊತ್ತು ಮಂಕಾಗಿಸಿದರು. ಆಗ ಜನ ‘ಇದು ಅನ್ಯಾಯ’ ಎನ್ನುತ್ತಲೇ ಹೆಚ್ಚಾಗಿ ದುಡ್ಡು ತೆಗೆದುಕೊಂಡರು! ಅನ್ಯಾಯವನ್ನು ಗುರುತಿಸುವುದು ಬೇರೆ, ಎದುರಿಗಿರುವ ಲಾಭದ ಆಸೆಯನ್ನು ತಡೆಯುವುದು ಬೇರೆ. ಎರಡನೆಯದಕ್ಕೆ ಈ ಭಾಗದ ನೆರವು ಬೇಕು.