ಟಿಸಿ ದೊಡ್ಡದಾದರೆ ಎಂಸಿಬಿ ಯಾಕೆ ಬದಲಾಗಬೇಕು?

ಪ್ರಶ್ನೆ: ಕಾರು ಚಾರ್ಜಿಂಗ್‌ಗೆಂದು ನಮ್ಮ ಅಪಾರ್ಟ್‌ಮೆಂಟಿನ 250 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ತೆಗೆದು 500 ಕೆವಿಎ ಹಾಕಿಸಿದ್ದೇವೆ. ಪಕ್ಕದಲ್ಲೇ ಮೀಟರ್ ಪ್ಯಾನಲ್ ಇದೆ. ಅದರಲ್ಲಿ ಮನೆಗೊಂದು 63 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕತ್ತರಿಸುವ ಸ್ವಿಚ್), ಮೇಲೆ 10000 ಎಂದು ಬರೆದಿದೆ. ಮನೆಗಳ ಲೋಡ್ ಜಾಸ್ತಿಯಾಗಿಲ್ಲ. ಆದರೂ ಪ್ಯಾನಲ್‌ನವು, ಮನೆಯೊಳಗಿನವು ಎಲ್ಲ ಎಂಸಿಬಿ ಬದಲಾಯಿಸಿ ಅಂತಾರೆ ಕಂಟ್ರ್ಯಾಕ್ಟರ್. ಸುಮ್ನೆ ಖರ್ಚು ಮಾಡಿಸುತ್ತಿದ್ದಾರಾ?
– ಸಂಘದ ಕಾರ್ಯದರ್ಶಿ, ಮೈಸೂರು

ಉತ್ತರ: ಪ್ಯಾನಲ್ ವಿಷಯದಲ್ಲಿ ಅವರು ಹೇಳಿದ್ದು ಸರಿ. ಮನೆಯೊಳಗಿನವಕ್ಕೆ ಕೈ ಹಾಕುವುದು ಬೇಡ.

63 ಮತ್ತು 10000 ಬೇರೆ ಬೇರೆ ಲೆಕ್ಕ. 63 ದಿನನಿತ್ಯದ ಲೋಡಿಗೆ. 10000 ಅಂದರೆ, ಶಾರ್ಟ್ ಆದಾಗ ಎಷ್ಟು ಆಂಪ್‌ವರೆಗೆ ಆ ಎಂಸಿಬಿ ಒಡೆಯದೆ ಕತ್ತರಿಸಬಲ್ಲದು ಅನ್ನುವುದು. ಶಾರ್ಟ್‌ನಲ್ಲಿ ಎಷ್ಟು ಕರೆಂಟ್ ನುಗ್ಗುತ್ತದೆ ಎಂದು ನಿಮ್ಮ ಗೀಸರ್, ಫ್ರಿಜ್ ತೀರ್ಮಾನ ಮಾಡುವುದಿಲ್ಲ. ಟಿಸಿ ಮತ್ತು ನಡುವಿನ ಕೇಬಲ್ ಮಾಡುತ್ತವೆ.

ಟಿಸಿಯ ನೇಮ್‌ಪ್ಲೇಟ್‌ನಲ್ಲಿ ಪರ್ಸೆಂಟ್ ಇಂಪಿಡೆನ್ಸ್ ಅಂತ ಇರುತ್ತದೆ. ಈ ಅಳತೆಯವುಗಳಲ್ಲಿ ಸಾಮಾನ್ಯವಾಗಿ 4.5. ಅಂದರೆ ಔಟ್‌ಪುಟ್ ಕಡೆ ಶಾರ್ಟ್ ಮಾಡಿ, 11 ಕೆವಿ ಕಡೆ ಬರೀ ನೂರಕ್ಕೆ 4.5ರಷ್ಟು ವೋಲ್ಟೇಜ್ ಕೊಟ್ಟರೂ ಫುಲ್ ಲೋಡ್ ಕರೆಂಟ್ ಹರಿದುಬಿಡುತ್ತದೆ. ಪೂರ್ತಿ ವೋಲ್ಟೇಜ್ ಇದ್ದರೆ? ಅದರ 22 ಪಟ್ಟು! ಹಳೆಯ 250ರ ಫುಲ್ ಲೋಡ್ 333 ಆಂಪ್, ಶಾರ್ಟ್ ಆದರೆ ಸುಮಾರು 7,400. ಹೊಸ 500ರದ್ದು 667, ಶಾರ್ಟ್ ಆದರೆ ಸುಮಾರು 14,800. ಟಿಸಿ ಪಕ್ಕದ ಪ್ಯಾನಲ್‌ಗೆ ಹೆಚ್ಚೂಕಡಿಮೆ ಇದಿಷ್ಟೂ ಬರುತ್ತದೆ. ನಿಮ್ಮ ಎಂಸಿಬಿಯ ಮಿತಿ ದಾಟಿತು, ಅಲ್ವಾ?

ಪೀಣ್ಯದಲ್ಲಿ 27 ವರ್ಷ ಪ್ಯಾನಲ್ ಕಟ್ಟಿದವನು ನಾನು. ಒಂದು ಕಾರ್ಖಾನೆಯಲ್ಲಿ ಹೀಗೇ ಟಿಸಿ ದೊಡ್ಡದು ಮಾಡಿ ಬೋರ್ಡ್ ಹಾಗೇ ಬಿಟ್ಟಿದ್ದರು. ಮಳೆಗಾಲದಲ್ಲಿ ಕೇಬಲ್‌ಗೆ ನೀರು ಸೇರಿ ಶಾರ್ಟ್ ಆಯಿತು. ನಾನು ಹೋಗಿ ನೋಡಿದಾಗ ಬ್ರೇಕರಿನ ಮುಂಭಾಗವೇ ಇರಲಿಲ್ಲ. ಒಳಗಿನ ಕಿಡಿ ಆರದೆ ಬಾಡಿ ಸಿಡಿದಿತ್ತು. ಬಾಗಿಲಿನ ಒಳಮೈಗೆ ತಾಮ್ರದ ಹನಿಗಳು ಅಂಟಿಕೊಂಡಿದ್ದವು. ಆಪರೇಟರ್ ಆಗ ಟೀಗೆ ಹೋಗಿದ್ದ. ಅವನು ದಿನವೂ ನಿಲ್ಲುತ್ತಿದ್ದ ಜಾಗ ಆ ಬಾಗಿಲ ಮುಂದೆಯೇ.

ಮನೆಯೊಳಗೆ ಈ ಭಯ ಇಲ್ಲ. ಪ್ಯಾನಲ್‌ನಿಂದ ಮನೆಗೆ 30 ಮೀಟರ್, 10 ಚದರ ಮಿಲಿಮೀಟರ್ ತಾಮ್ರದ ವೈರ್ ಅಂತಿಟ್ಟುಕೊಳ್ಳಿ. ಕರೆಂಟ್ ಹೋಗಿ ಬರಲು 60 ಮೀಟರ್. ಆ ವೈರಿನ ರೆಸಿಸ್ಟೆನ್ಸ್ ಒಂದರಿಂದಲೇ ಶಾರ್ಟ್ ಕರೆಂಟ್ 2,300 ಆಂಪ್ ಒಳಗೆ ಇಳಿಯುತ್ತದೆ. ಅಲ್ಲಿಗೆ 10000 ಎಂದಿರುವುದು ಧಾರಾಳ, 6000 ಎಂದಿರುವುದೂ ಸಾಕು.

ಪ್ಯಾನಲ್‌ನವನ್ನೂ ಬದಲಾಯಿಸುವ ಮೊದಲು ಒಂದು ಕೆಲಸ ಮಾಡಿ. ಮೇನ್ ಎಂಸಿಸಿಬಿ (ಇಡೀ ಪ್ಯಾನಲ್‌ಗೆ ಇರುವ ದೊಡ್ಡ ಬ್ರೇಕರ್) ಮತ್ತು ಎಂಸಿಬಿ ಎರಡೂ ಒಂದೇ ಕಂಪನಿಯವಾ ನೋಡಿ. ಹೌದಾದರೆ ಆ ಕಂಪನಿಯಿಂದ ಬ್ಯಾಕಪ್ ಟೇಬಲ್ ತರಿಸಿ, ಅಂದರೆ ಯಾವ ಎರಡು ಬ್ರೇಕರ್ ಸೇರಿ ಎಷ್ಟು ಶಾರ್ಟ್ ಕರೆಂಟ್ ತಡೆಯುತ್ತವೆ ಎಂಬ ಪಟ್ಟಿ. ನಿಮ್ಮಲ್ಲಿರುವ ಎರಡೂ ಮಾಡೆಲ್ ಒಟ್ಟಿಗೆ 15 ಕೆಎ (15,000 ಆಂಪ್) ಅಥವಾ ಜಾಸ್ತಿ ತಡೆಯುತ್ತವೆ ಎಂದು ಅದರಲ್ಲಿದ್ದರೆ ಹಳೆಯ ಎಂಸಿಬಿಗಳೇ ನಡೆಯುತ್ತವೆ. ಬಾಯಿಮಾತಿನ ಭರವಸೆ ಬೇಡ, ಕಾಗದ ಕೇಳಿ. ಮೇನ್ ಎಂಸಿಸಿಬಿಯ ಕೆಎ, ಬಸ್‌ಬಾರ್ (ಪ್ಯಾನಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ತಡೆಯುವ ಕೆಎ ಎರಡನ್ನೂ ಪರೀಕ್ಷಿಸಿ ಬರೆದುಕೊಡಲು ಕಂಟ್ರ್ಯಾಕ್ಟರ್‌ಗೆ ಹೇಳಿ. ಅಲ್ಲಿಯವರೆಗೆ ಪ್ಯಾನಲ್ ರೂಮಿಗೆ ಬೀಗ ಇರಲಿ. ಟ್ರಿಪ್ ಆದ ಎಂಸಿಬಿಯನ್ನು ವಾಚ್‌ಮನ್ ಎತ್ತುವುದು ಬೇಡ.