ಟ್ರೇಸಿ ಚಾಪ್‌ಮನ್ ಅವರ ಮೊದಲ ಆಲ್ಬಂನಿಂದ ಆರಂಭಿಸಿ

ತಾವೇ ಬರೆದು ತಾವೇ ಹಾಡುವವರ ಮೊದಲ ಆಲ್ಬಂಗಳಲ್ಲಿ, ಇಂಗ್ಲಿಷ್ ಹಾಡುಗಳ ರೂಢಿ ಅಷ್ಟಾಗಿ ಇಲ್ಲದವರು ಯಾವುದನ್ನು ಮೊದಲು ಕೇಳಬೇಕೆಂದು ನೀವು ವಿಚಾರಿಸಿದ್ದೀರಿ. ಅಮೆರಿಕದ ಟ್ರೇಸಿ ಚಾಪ್‌ಮನ್ 1988ರ ಏಪ್ರಿಲ್‌ನಲ್ಲಿ ತಮ್ಮ ಹೆಸರನ್ನೇ ಇಟ್ಟು ಹೊರತಂದ ಆಲ್ಬಂ ಅನ್ನು ನಾನು ಸೂಚಿಸುತ್ತೇನೆ. ಅದರಲ್ಲಿರುವುದು 11 ಹಾಡುಗಳು. ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯಗಳ ಅಬ್ಬರವೇ ಪಾಪ್ ಸಂಗೀತವೆನಿಸಿಕೊಂಡಿದ್ದ ಆ ಕಾಲದಲ್ಲಿ ನಿರ್ಮಾಪಕ ಡೇವಿಡ್ ಕರ್ಶನ್‌ಬಾಮ್ ಆಕೆಯ ದನಿ ಮತ್ತು ಗಿಟಾರನ್ನು ಮುಂದಿಟ್ಟು ಉಳಿದ ವಾದ್ಯಗಳನ್ನು ಹಿಂದೆ ನಿಲ್ಲಿಸಿದ್ದರಿಂದ, ಒಂದೊಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಭಾಷೆಯ ಅಳುಕಿರುವವರಿಗೆ ಇದೇ ದೊಡ್ಡ ಅನುಕೂಲ.

ಎರಡನೆಯ ಹಾಡಾದ 'ಫಾಸ್ಟ್ ಕಾರ್' ಅನ್ನು ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಕುಡುಕ ತಂದೆಯನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಹುಡುಗಿಯೊಬ್ಬಳು ಗೆಳೆಯನ ಕಾರಿನಲ್ಲಿ ಊರು ಬಿಡುತ್ತಾಳೆ. ಹೊಸ ಊರಿನಲ್ಲಿ ದುಡಿದು ಮನೆ ನಡೆಸುವವಳೂ ಅವಳೇ, ಕೊನೆಗೆ ಆ ಗೆಳೆಯನೂ ತಂದೆಯಂತೆಯೇ ಕುಡಿತಕ್ಕೆ ಬೀಳುತ್ತಾನೆ. ಹೊರಟುಹೋಗಲು 'ನಾವು' ತೀರ್ಮಾನಿಸಬೇಕು ಎಂದು ಆರಂಭದಲ್ಲಿ ಹೇಳುವವಳು, ಕೊನೆಯಲ್ಲಿ ಅದೇ ಮಾತನ್ನು 'ನೀನು' ತೀರ್ಮಾನಿಸಬೇಕು ಎಂದು ತಿರುಗಿಸುತ್ತಾಳೆ. ಒಂದು ಸರ್ವನಾಮ ಬದಲಾದಷ್ಟಕ್ಕೇ ಸಂಸಾರ ಮುರಿದಿರುತ್ತದೆ, ಗಿಟಾರಿನ ಎಳೆ ಮಾತ್ರ ಮೊದಲಿನಂತೆಯೇ ಸುತ್ತುತ್ತಿರುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೇಳಿದ ಹಾಡು ನನಗೆ ಬೇರೆ ಸಿಕ್ಕಿಲ್ಲ.

ಆ ವರ್ಷ ಜೂನ್ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ನೆಲ್ಸನ್ ಮಂಡೇಲಾ ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಕಾರ್ಯಕ್ರಮದಲ್ಲಿ, ಅಮೆರಿಕದ ಗಾಯಕ ಸ್ಟೀವಿ ವಂಡರ್ ಅವರ ವಿದ್ಯುನ್ಮಾನ ವಾದ್ಯಕ್ಕೆ ಬೇಕಾದ ಹಾರ್ಡ್ ಡಿಸ್ಕ್ ಕಾಣೆಯಾದಾಗ, ಆಗಲೇ ಹಾಡಿ ಮುಗಿಸಿದ್ದ ಚಾಪ್‌ಮನ್ ಅವರನ್ನು ಮತ್ತೆ ವೇದಿಕೆಗೆ ಕರೆದರು. ಗಿಟಾರೊಂದನ್ನೇ ಹಿಡಿದು ಅವರು ಹಾಡಿದ್ದನ್ನು ದೂರದರ್ಶನದಲ್ಲಿ ಜಗತ್ತೇ ನೋಡಿತು, ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸೆಪ್ಟೆಂಬರ್‌ನಲ್ಲಿ ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿಯ ಸಂಗೀತಯಾತ್ರೆಯೊಂದಿಗೆ ಅವರು ದೆಹಲಿಗೂ ಬಂದು ಹಾಡಿದ್ದಾರೆ.

ಎಲ್ಲ ಹಾಡುಗಳೂ ಒಂದೇ ತೂಕದವಲ್ಲ. ಕ್ರಾಂತಿಯನ್ನು ಕುರಿತ ಮೊದಲ ಹಾಡು ಹೆಸರುವಾಸಿಯಾದರೂ ನನಗೆ ಸ್ವಲ್ಪ ಘೋಷಣೆಯಂತೆ ಕೇಳುತ್ತದೆ; 'ವೈ?' ಎಂಬುದರಲ್ಲಂತೂ ಪ್ರಶ್ನೆಗಳು ಸಾಲುಗಟ್ಟಿವೆಯೇ ಹೊರತು ಮನುಷ್ಯರು ಕಾಣುವುದಿಲ್ಲ. ಆದರೆ ನಾಲ್ಕನೆಯ ಹಾಡನ್ನು ಬಿಡಬೇಡಿ. ಪಕ್ಕದ ಮನೆಯಲ್ಲಿ ಹೆಂಗಸೊಬ್ಬಳು ಏಟು ತಿನ್ನುವ ಸದ್ದು ಗೋಡೆಯಾಚೆಯಿಂದ ಕೇಳಿ ನಿದ್ದೆಗೆಟ್ಟವರು ಹೇಳುವ ಮಾತದು. ತಡವಾಗಿ ಬರುವ ಪೊಲೀಸರು, ಗಂಡ ಹೆಂಡಿರ ನಡುವೆ ತಾವು ತಲೆಹಾಕುವಂತಿಲ್ಲ ಎನ್ನುತ್ತಾರೆ. ಇದರಲ್ಲಿ ಗಿಟಾರ್ ಕೂಡ ಇಲ್ಲ, ಬರಿಯ ದನಿ. ಸಾಲುಗಳ ನಡುವಿನ ಮೌನದಲ್ಲಿ ನಾವೂ ಗೋಡೆಗೆ ಕಿವಿಗೊಟ್ಟಿರುತ್ತೇವೆ.