ಮೀನು ಊಟ ಬಿಟ್ಟಿದೆ, ಗಲ್ಲ ಉಬ್ಬಿದೆ. ಕಾಯಿಲೆಯಾ?

ಪ್ರಶ್ನೆ: ನಮ್ಮ ಮನೆ ಗೋಣಿಕೊಪ್ಪದಲ್ಲಿ. ಮಗ ಬೆಂಗಳೂರಿನಿಂದ ಉಪ್ಪುನೀರಿನ ಟ್ಯಾಂಕ್ ತಂದಿಟ್ಟಿದ್ದಾನೆ. ಅದರಲ್ಲಿ ಒಂದು ಜೋಡಿ ಪಜಾಮ ಕಾರ್ಡಿನಲ್ ಮೀನುಗಳಿವೆ. ಹಗಲೆಲ್ಲ ಕಲ್ಲಿನ ಸಂದಿ ಬಿಟ್ಟು ಬರುವುದಿಲ್ಲ. ಈಗ ಒಂದರ ಗಲ್ಲ ಉಬ್ಬಿದೆ, ತಿಂಡಿಯನ್ನೂ ಮುಟ್ಟುತ್ತಿಲ್ಲ. ಔಷಧಿ ಹಾಕಲಾ?

ಉತ್ತರ: ದಯವಿಟ್ಟು ಈಗಲೇ ಹಾಕಬೇಡಿ. ಅದು ಗಂಡು ಮೀನಾಗಿರಬೇಕು, ಬಾಯಿ ತುಂಬ ಮೊಟ್ಟೆ ಇರಬೇಕು. ಕಾರ್ಡಿನಲ್ ಮೀನುಗಳಲ್ಲಿ ಮೊಟ್ಟೆ ಇಡುವುದು ಹೆಣ್ಣು, ಅಷ್ಟನ್ನೂ ಬಾಯಿಗೆ ತುಂಬಿಕೊಂಡು ಮರಿಯಾಗುವ ತನಕ ಕಾಯುವುದು ಗಂಡು. ಸುಮಾರು ಒಂದು ವಾರ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ. ಅಲ್ಲಿ ತನಕ ಅದಕ್ಕೆ ಉಪವಾಸವೇ.

ಗಾಜಿನ ಪಕ್ಕ ಅಲುಗಾಡದೆ ಸುಮ್ನೆ ಕೂತು ನೋಡಿ. ಆಗಾಗ ಬಾಯಿ ಅಗಲಿಸಿ, ಮೊಟ್ಟೆಯ ಮುದ್ದೆಯನ್ನು ತುಟಿಯವರೆಗೆ ತಂದು, ಒಮ್ಮೆ ಹೊರಳಿಸಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಎಲ್ಲ ಮೊಟ್ಟೆಗೂ ಹೊಸ ನೀರು ತಾಗಬೇಕಲ್ವಾ, ಅದಕ್ಕೆ. ಆಗ ಬಲೆ ಹಾಕಿ ಹಿಡಿಯುವುದು, ಕಲ್ಲು ಸರಿಸುವುದು ಬೇಡವೇ ಬೇಡ. ಬೆದರಿದರೆ ಮೊಟ್ಟೆ ಉಗುಳಿಬಿಡಬಹುದು, ಇಲ್ಲ ನುಂಗಿಬಿಡಬಹುದು. ಮೈ ಮೇಲೆ ಬಿಳಿ ಚುಕ್ಕೆ, ಏದುಸಿರು ಕಂಡರೆ ಮಾತ್ರ ಕಾಯಿಲೆ ಅಂತ ಅನುಮಾನ ಪಡಿ.

ಹಗಲು ಅಡಗಿರುವುದು ಅದರ ಸ್ವಭಾವ. ಆ ದೊಡ್ಡ ಕೆಂಪು ಕಣ್ಣು ನೋಡಿ, ಕತ್ತಲಿಗೆಂದೇ ಆದದ್ದು. ಇದರ ಊರು ಪಶ್ಚಿಮ ಪೆಸಿಫಿಕ್ ಸಾಗರದ ಹವಳದ ದಿಬ್ಬಗಳು. ಅಲ್ಲಿ ಹಗಲಿಡೀ ಹವಳದ ಕವಲುಗಳ ನಡುವೆ ಗುಂಪಾಗಿ ನಿಂತಿದ್ದು, ಕತ್ತಲಾದ ಮೇಲೆ ಒಂದೊಂದೇ ಚದುರಿ ಸಣ್ಣ ಸೀಗಡಿಯಂಥ ಜೀವಿಗಳನ್ನು ಹಿಡಿದು ತಿನ್ನುತ್ತವೆ. ಬೆಳೆದರೂ 8 ಸೆಂಟಿಮೀಟರ್ ಆಸುಪಾಸು, ಅಷ್ಟೇ. ಹಾಗಾಗಿ ನೀವು ಟ್ಯಾಂಕಿನ ಲೈಟ್ ಆರಿಸಿದ ಮೇಲೆ ತಿಂಡಿ ಹಾಕಿ, ಇನ್ನೊಂದು ಮೀನಾದರೂ ಹೊಟ್ಟೆ ತುಂಬ ತಿನ್ನಲಿ.

ಮರಿಗಳ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣವು. ಸಮುದ್ರದಲ್ಲಾದರೆ ತೇಲಿಕೊಂಡು ಬೆಳೆಯುತ್ತವೆ, ಟ್ಯಾಂಕಿನಲ್ಲಿ ಫಿಲ್ಟರ್ ಎಳೆದುಕೊಳ್ಳುತ್ತದೆ. ಇಂಡೋನೇಷ್ಯಾದ ಬಂಗ್ಗಾಯ್ ಕಾರ್ಡಿನಲ್ ಬೇರೆ ಥರ. ಮೊಟ್ಟೆ ಒಡೆದ ಮೇಲೂ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು, ಈಜುವಷ್ಟು ಬೆಳೆಸಿ ಹೊರಗೆ ಬಿಡುತ್ತದೆ. ಮನೆಯಲ್ಲಿ ಮರಿ ಮಾಡಿಸಲು ಅದೇ ಸುಲಭ. ಕೊಳ್ಳುವಾಗ ಮಾತ್ರ ಟ್ಯಾಂಕಿನಲ್ಲೇ ಹುಟ್ಟಿದ್ದನ್ನು ಕೇಳಿ ತನ್ನಿ. ಸಮುದ್ರದಿಂದ ಹಿಡಿದು ಹಿಡಿದು ಅದು ಅಳಿವಿನಂಚಿಗೆ ಬಂದಿದೆ, ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿದ್ದು 2007ರಲ್ಲಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಪಂಪ್ ನಿಂತರೆ ನೀರಿನಲ್ಲಿ ಗಾಳಿ ಕಡಿಮೆಯಾಗುತ್ತದೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದನ್ನು ಇವತ್ತೇ ತರಿಸಿಡಿ.

ಪ್ರಶ್ನೆ: ಕಾರ್ಡಿನಲ್ ಮೀನುಗಳಲ್ಲಿ ಮೈಯಿಂದ ಬೆಳಕು ಬರುವಂಥದ್ದು ಇದೆಯಾ? (ಶಾಲಾ ವಿದ್ಯಾರ್ಥಿನಿ, ಸೋಮವಾರಪೇಟೆ)

ಉತ್ತರ: ಇದೆ, ಪುಟ್ಟಿ. ಹೆಸರು ಸಿಫಾಮಿಯ. ಹಗಲು ಕಡಲ ಮುಳ್ಳುಚೆಂಡು (ಸೀ ಅರ್ಚಿನ್) ಎಂಬ ಜೀವಿಯ ಮುಳ್ಳುಗಳ ನಡುವೆ ಅಡಗಿರುತ್ತದೆ. ಬೆಳಕು ಮೀನಿನದಲ್ಲ, ಅದರ ಹೊಟ್ಟೆಯ ಚೀಲದಲ್ಲಿರುವ ಬ್ಯಾಕ್ಟೀರಿಯಾದ್ದು. ಆ ಬ್ಯಾಕ್ಟೀರಿಯಾದ ವೈಜ್ಞಾನಿಕ ಹೆಸರಿನಲ್ಲಿ ರಾಮೇಶ್ವರದ ಹತ್ತಿರದ ಮಂಡಪಂ ಊರು ಸೇರಿಕೊಂಡಿದೆ: ಫೋಟೋಬ್ಯಾಕ್ಟೀರಿಯಂ ಮಂಡಪಮೆನ್ಸಿಸ್.